ಅಂಗಾತ ತೇಲೋದು ಕಲೀರಿ

ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆ ಐವತ್ತು ದಾಟಿದವರಿಗೆ ಈಜು ಕಲಿಸಿದ್ದು ತೆರೆದ ಬಾವಿ. ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ಹಿರಿಯರು ತಳ್ಳೋರು. ಧುಮುಕೋದು, ಮುಳುಗೋದು, ಕೈಕಾಲು ಬಡಿಯೋದು ಬಂತು. ಅಂಗಾತ ತೇಲೋದು ಮಾತ್ರ ನನಗೆ ಬರಲೇ ಇಲ್ಲ. ನಾಲ್ಕು ಬಡಿತಕ್ಕೆ ಕಲ್ಲುಮೆಟ್ಟಿಲು ಸಿಗುವಾಗ ಅದು ಯಾರಿಗೆ ಬೇಕಿತ್ತು? ಆಮೇಲೆ ಬಾವಿ ಬತ್ತಿದವು, ಬೋರ್‌ವೆಲ್ ಬಂದವು. ನಮ್ಮ ಮಕ್ಕಳು ಈಜನ್ನೇ ಕಲಿಯಲಿಲ್ಲ.

ಈಗ ನೀರು ಮತ್ತೆ ಬಂದಿದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿವೆ. ಆ ಇಳಿಜಾರಿಗೆ ಪಾಚಿ ಹಿಡಿದರೆ ಈಜು ಬಲ್ಲವನೂ ಹತ್ತಲಾರ. ಹೋದ ವರ್ಷ ಫುಟ್‌ವಾಲ್ವ್ ನೋಡಲು ಹೋಗಿ ನಾನೇ ಜಾರಿ ಬಿದ್ದೆ. ಹತ್ತಲು ಹೆಣಗಿದಷ್ಟೂ ಸುಸ್ತು. ಹೆಂಡತಿ ಹಗ್ಗ ಎಸೆದಿದ್ದಕ್ಕೆ ಬದುಕಿದೆ.

ದಣಿದಾಗ ಉಸಿರು ಕಾಯೋದು ಅಂಗಾತ ತೇಲೋದೇ. ಎದೆ ತುಂಬ ಗಾಳಿ ಎಳೆದು, ಕಿವಿ ಮುಳುಗುವಷ್ಟು ತಲೆ ಹಿಂದಕ್ಕೆ ಚೆಲ್ಲಿ, ಕೈ ಅಗಲಿಸಬೇಕು. ಬಲ್ಲವರನ್ನು ಪಕ್ಕದಲ್ಲಿಟ್ಟುಕೊಂಡು ಸೊಂಟದಾಳದ ನೀರಲ್ಲಿ ಕಲೀರಿ; ಹೊಂಡದಲ್ಲಿ ಬೇಡ. ಹೊಂಡಕ್ಕೆ ಬೇಲಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಒಂದು ಟ್ಯೂಬ್ ಇರಲಿ. ಇಷ್ಟಕ್ಕೂ ಸಬ್ಸಿಡಿ ಕಾಯಬೇಡಿ.