'ಹಾಲು ಸಾಲದು' ಎಂಬ ತೀರ್ಪು

ಬಾಣಂತಿಯ ಕೋಣೆಯಲ್ಲಿ ಆಡಬಾರದ ಮಾತೊಂದಿದ್ದರೆ ಅದು 'ಹಾಲು ಸಾಲದು' ಎಂಬುದು. ರಾತ್ರಿ ಎರಡು ಗಂಟೆಗೆ ಹಸುಗೂಸು ಅಳುತ್ತದೆ. ತಾಯಿ ಎತ್ತಿಕೊಂಡು ಹಾಲೂಡಿಸುತ್ತಾಳೆ. ಕೂಸು ಮೊಲೆಯಲ್ಲೇ ನಿದ್ದೆ ಹೋಗುತ್ತದೆ; ತೊಟ್ಟಿಲಿಗೆ ಹಾಕಿದೊಡನೆ ಮತ್ತೆ ಅಳುತ್ತದೆ. ಆಗ ಪಕ್ಕದ ಕೋಣೆಯಿಂದ ಎದ್ದು ಬಂದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, ಕೂಸನ್ನೂ ಮುಟ್ಟದೆ, ತಾಯಿಯ ಮುಖವನ್ನೂ ನೋಡದೆ, ಆ ಎರಡು ಶಬ್ದಗಳನ್ನು ಉಚ್ಚರಿಸಿ ಹೋಗಿ ಮಲಗುತ್ತಾರೆ. ಬೆಳಗಾದರೆ ಪುಡಿಹಾಲಿನ ಡಬ್ಬಿ ಮನೆಗೆ ಬಂದಿರುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಹೆರಿಗೆಯಾದ ಮೊದಲ ವಾರಗಳಲ್ಲಿ ನನಗೆ ದೂರವಾಣಿ ಮಾಡುವುದುಂಟು. ನಾನು ವೈದ್ಯಳಲ್ಲ, ಮನೆಯಲ್ಲಿ ಹೇಳಿಕೊಳ್ಳಲಾಗದ ಮಾತನ್ನು ಪಾಠ ಹೇಳಿದವರ ಬಳಿ ಆಡಬಹುದೆಂಬ ಸಲಿಗೆ ಅಷ್ಟೆ. "ಮೇಡಂ, ಮಗು ಮಲಗುತ್ತಲೇ ಇಲ್ಲ. ನನ್ನ ಹಾಲು ಸಾಲುತ್ತಿಲ್ಲವಂತೆ." ಆ ಕೊನೆಯ 'ಅಂತೆ'ಯನ್ನು ಗಮನಿಸಿರಿ. ವ್ಯಾಕರಣ ಕಲಿಸಿದ ಕಿವಿಗೆ ಅದು ಚುಚ್ಚುತ್ತದೆ. ತಾನು ಕಂಡದ್ದನ್ನು ಹೇಳುವವರು 'ಅಂತೆ' ಎನ್ನುವುದಿಲ್ಲ. ಯಾರೋ ಹೇಳಿದ್ದನ್ನು ಆ ಹುಡುಗಿ ನಂಬಿಬಿಟ್ಟಿದ್ದಾಳೆ.

ಹುಟ್ಟಿದ ಕೂಸು ರಾತ್ರಿಯಿಡೀ ಮಲಗಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನಾನರಿಯೆ. ಅದು ದಿನಕ್ಕೆ 14ರಿಂದ 17 ಗಂಟೆಗಳಷ್ಟು ನಿದ್ರಿಸುತ್ತದೆ, ನಿಜ; ಆದರೆ ಆ ನಿದ್ದೆಯೆಲ್ಲ ಚೂರುಚೂರಾಗಿ ಹಗಲಿರುಳೂ ಹರಡಿಕೊಂಡಿರುತ್ತದೆ. ಹಗಲು-ರಾತ್ರಿಗಳನ್ನು ಅಳೆಯುವ ದೇಹದ ಗಡಿಯಾರ ರೂಪುಗೊಳ್ಳಲು ಎರಡು-ಮೂರು ತಿಂಗಳಾದರೂ ಬೇಕು. ಹೊಟ್ಟೆ ಪುಟ್ಟದು, ತಾಯಿಯ ಹಾಲು ಬೇಗ ಅರಗುವಂಥದು. 24 ಗಂಟೆಗಳಲ್ಲಿ 8ರಿಂದ 12 ಬಾರಿ ಕುಡಿಯುವುದು ಸಹಜ. ಸಂಜೆಯ ಹೊತ್ತಿನಲ್ಲಂತೂ ಅನೇಕ ಕೂಸುಗಳು ಗಂಟೆಗೊಮ್ಮೆ ಬಾಯಿ ಹಾಕುತ್ತವೆ. ಇದರಲ್ಲಿ ತಾಯಿಯ ಕೊರತೆ ಎಲ್ಲಿಂದ ಬಂತು?

ಹಾಲು ಸೇದಿದಷ್ಟೂ ಊರುವ ಬಾವಿ. ಹಾಲನ್ನು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯ ವೇಳೆಯಲ್ಲಿಯೇ ಹೆಚ್ಚಾಗಿರುತ್ತದೆ. ಆದ್ದರಿಂದ ಆ ಅಪರಾತ್ರಿಯ ಹಾಲೂಡಿಕೆಯೇ ಮುಂದಿನ ದಿನಗಳ ಹಾಲಿಗೆ ಊಟೆ. ಅದೇ ಹೊತ್ತಿನಲ್ಲಿ ಬಾಟಲಿಯನ್ನು ಬಾಯಿಗಿಟ್ಟರೆ ಕೂಸು ಮೊಲೆಯನ್ನು ಹೀರುವುದಿಲ್ಲ. ಹೀರದಿದ್ದರೆ ಹಾಲು ಇಳಿಮುಖವಾಗುತ್ತದೆ. ಹದಿನೈದು ದಿನಗಳಲ್ಲಿ ಹಾಲು ನಿಜವಾಗಿಯೂ ಸಾಲದಾಗುತ್ತದೆ. ಬಾಗಿಲಲ್ಲಿ ನಿಂತಿದ್ದ ಹಿರಿಯರು ಆಗ "ನಾನು ಅಂದೇ ಹೇಳಿರಲಿಲ್ಲವೇ?" ಎನ್ನುತ್ತಾರೆ. ತೀರ್ಪು ಮೊದಲು, ಸಾಕ್ಷ್ಯ ಆಮೇಲೆ! ಇಂಥ ನ್ಯಾಯಾಲಯ ಬೇರೆಲ್ಲಿಯೂ ಇರಲಾರದು.

"ಡಬ್ಬಿಯ ಹಾಲು ಕುಡಿಸಿದ ರಾತ್ರಿ ಮಗು ಮಲಗಿತಲ್ಲ?" ಎಂದು ಕೇಳುವವರಿದ್ದಾರೆ. ಹಸುವಿನ ಹಾಲಿನಿಂದ ತಯಾರಾದ ಪುಡಿ ನಿಧಾನವಾಗಿ ಅರಗುತ್ತದೆ, ಅದರಿಂದ ಕೂಸು ಕೊಂಚ ಹೆಚ್ಚು ಹೊತ್ತು ಮಲಗಿದ್ದೀತು. ಮದುವೆಯೂಟ ಮುಗಿಸಿ ಚಪ್ಪರದಲ್ಲೇ ತೂಕಡಿಸುವವನನ್ನು ಕಂಡು 'ಈತನಿಗೆ ಮನೆಯಲ್ಲಿ ಊಟವೇ ಸಿಗುತ್ತಿರಲಿಲ್ಲ' ಎಂದು ತೀರ್ಮಾನಿಸುತ್ತೇವೆಯೇ?

ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಬೇರೆ ದಾರಿಗಳಿವೆ. ಮೊದಲ ದಿನಗಳಲ್ಲಿ ತುಸು ಇಳಿದ ತೂಕ ಸುಮಾರು ಎರಡು ವಾರಗಳೊಳಗೆ ಹುಟ್ಟಿದಾಗಿನ ಮಟ್ಟಕ್ಕೆ ಮರಳಬೇಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ಬಟ್ಟೆ ಒದ್ದೆಯಾಗಬೇಕು. ಇವೆರಡೂ ಸರಿಯಿದ್ದರೆ ರಾತ್ರಿಯ ಅಳುವನ್ನು ಹಸಿವಿನ ಪುರಾವೆಯೆಂದು ಹಿಡಿಯಬೇಕಾಗಿಲ್ಲ. ಸರಿಯಿಲ್ಲದಿದ್ದರೆ ವೈದ್ಯರಿದ್ದಾರೆ. ಕೆಲವು ತಾಯಂದಿರಿಗೆ ನಿಜವಾಗಿಯೂ ಹಾಲು ಕಡಿಮೆಯಿರುತ್ತದೆ, ಅವರಿಗೆ ವೈದ್ಯರು ಹೇಳಿದ ಪುಡಿಹಾಲು ಔಷಧವಿದ್ದಂತೆ. ಅಂಥವರನ್ನು ಹೀಗಳೆಯುವವರ ಗುಂಪಿಗೆ ನಾನು ಸೇರಿದವಳಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. "ಪುಣ್ಯದ ಕೂಸು, ಸದ್ದೇ ಇಲ್ಲ" ಎಂದು ಹೊಗಳಿಸಿಕೊಳ್ಳುವ ಮಗುವಿನ ಬಗ್ಗೆಯೇ ಮೊದಲ ವಾರಗಳಲ್ಲಿ ಎಚ್ಚರ ಬೇಕು. ಹಾಲು ಕುಡಿಯಲೂ ಏಳದೆ ಗಂಟೆಗಟ್ಟಲೆ ಮಂಕಾಗಿ ಮಲಗುವ, ಮೈ-ಕಣ್ಣು ಹಳದಿಯಾಗುತ್ತಿರುವ ಕೂಸನ್ನು ಎಬ್ಬಿಸಿ ಕುಡಿಸಬೇಕು, ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಾವೋ, ಅಳುವ ಆರೋಗ್ಯವಂತ ಕೂಸಿನ ತಾಯಿಯನ್ನು ದೂರುತ್ತೇವೆ, ಅಳದ ಕೂಸಿಗೆ ದೃಷ್ಟಿ ತೆಗೆಯುತ್ತೇವೆ.

ಹೇಗಾದರೂ ಮಲಗಿಸಬೇಕೆಂಬ ಆತುರ ಬಹಳ ಹಳೆಯದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಅಫೀಮು ಬೆರೆತ 'ಬಾಲ ಗೋಲಿ'ಯನ್ನು ಕೂಸಿಗೆ ನುಂಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಅವರಿಗೆ ಬೇರೆ ಗತಿಯಿರಲಿಲ್ಲ. ಮನೆತುಂಬ ಜನರಿರುವ ನಮಗೆ ಏನು ಬಂದಿದೆ? ಜಾಯಿಕಾಯಿಯನ್ನು ತೇಯ್ದು ನೆಕ್ಕಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಪ್ರಮಾಣ ಮೀರಿದರೆ ಅದು ವಿಷವೆಂಬುದನ್ನು ಸಾಣೆಕಲ್ಲು ಹೇಳುವುದಿಲ್ಲ. ಇನ್ನು ಗ್ರೈಪ್ ವಾಟರ್. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬಾತ ಆರಂಭಿಸಿದ ಆ ಔಷಧದ ಮೂಲ ಪಾಕದಲ್ಲಿ ಮದ್ಯಸಾರವಿತ್ತು! ಈಗ ಅದನ್ನು ತೆಗೆದಿದ್ದಾರೆ, ಸರಿಯೆ. ಆದರೆ ಮೊದಲ ಆರು ತಿಂಗಳು ಎದೆಹಾಲಲ್ಲದೆ ನೀರನ್ನೂ ಕೊಡಬೇಕಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದಲೂ ಹೇಳುತ್ತಿದೆ.

ಪುಡಿಹಾಲಿನ ವ್ಯಾಪಾರದ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಕಂಪನಿಯ ಉತ್ಪನ್ನಗಳ ಬಹಿಷ್ಕಾರ ನಡೆಯಿತು. 1981ರಲ್ಲಿ ಅಂತಾರಾಷ್ಟ್ರೀಯ ಸಂಹಿತೆ ಬಂತು. ನಮ್ಮ ಸಂಸತ್ತು 1992ರಲ್ಲಿ ಕಾನೂನು ಮಾಡಿ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಶಿಶುಗಳ ಪುಡಿಹಾಲನ್ನೂ ಬಾಟಲಿಯನ್ನೂ ಈ ದೇಶದಲ್ಲಿ ಜಾಹೀರಾತು ಮಾಡುವಂತಿಲ್ಲ. ತಾಯಿಯ ಹಾಲೇ ಶ್ರೇಷ್ಠವೆಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಬೇಕು. ಇಷ್ಟೆಲ್ಲ ಮಾಡಿಯೂ ಏನು ಪ್ರಯೋಜನ? ಕಂಪನಿಗಳಿಗೆ ನಿಷಿದ್ಧವಾದ ಆ ಪ್ರಚಾರವನ್ನು ಸಂಬಳವಿಲ್ಲದೆ, ರಾತ್ರಿ ಎರಡು ಗಂಟೆಗೆ ಎದ್ದು, ನಮ್ಮ ಮನೆಗಳ ಹಿರಿಯರು ಮಾಡಿಕೊಡುತ್ತಿದ್ದಾರೆ.

ಹಳೆಯ ಬಾಣಂತನವೆಲ್ಲ ಕೆಟ್ಟದೆಂದು ನಾನು ಹೇಳುತ್ತಿಲ್ಲ. ಎಣ್ಣೆ ತಿಕ್ಕಿ ಎರೆದ ಮೇಲೆ ಕೂಸು ಹಾಲು ಕುಡಿದು ಗಾಢವಾಗಿ ಮಲಗುತ್ತದೆ. ಆ ಹೊತ್ತಿಗೆ ತಾಯಿಯೂ ಮಲಗಲೆಂದೇ ಕೋಣೆಯನ್ನು ಕತ್ತಲು ಮಾಡುತ್ತಿದ್ದರು. ಈಗ ಅದೇ ಹೊತ್ತಿಗೆ ಮಗು ನೋಡುವವರು ಬರುತ್ತಾರೆ, ಚಿತ್ರ ತೆಗೆಯುತ್ತಾರೆ, ಕಾಫಿ ಕುಡಿಯುತ್ತಾರೆ. ನೀರು ಕುಡಿದರೆ ಕೂಸಿಗೆ ಶೀತವಾಗುತ್ತದೆಂದು ಬಾಣಂತಿಯನ್ನು ಬಾಯಾರಿಸುವ ಪದ್ಧತಿ ಮಾತ್ರ ಕೆಲವೆಡೆ ಹಾಗೆಯೇ ಉಳಿದಿದೆ. ಬಿಡಬೇಕಾದದ್ದನ್ನು ಉಳಿಸಿಕೊಂಡು ಉಳಿಸಬೇಕಾದದ್ದನ್ನು ಬಿಟ್ಟಿದ್ದೇವೆ.

ನನ್ನ ಮೊದಲ ತಂಡಗಳ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ಅಜ್ಜ-ಅಜ್ಜಿಯರು. ಸೊಸೆಯ ಅಥವಾ ಮಗಳ ಕೋಣೆಯಿಂದ ರಾತ್ರಿ ಅಳು ಕೇಳಿದರೆ ಒಳಗೆ ಹೋಗಿ. ದೊಡ್ಡ ದೀಪ ಹಾಕಬೇಡಿ. ಅವಳಿಗೊಂದು ಚೊಂಬು ನೀರು ಕೊಡಿ. ಅವಳು ಹಾಲೂಡಿಸಿದ ಮೇಲೆ ಕೂಸನ್ನು ಇಸಿದುಕೊಂಡು ಹೆಗಲಿಗೆ ಹಾಕಿ ತೇಗು ಬರುವವರೆಗೆ ಬೆನ್ನು ಸವರಿ. ನಿದ್ದೆ ಹತ್ತಿತೆಂದು ಕೂಡಲೇ ಇಳಿಸಬೇಡಿ. ಮುಷ್ಟಿ ಸಡಿಲವಾಗಿ ಕೈ ಜೋತುಬೀಳುವವರೆಗೂ ಕಾದು, ಆಮೇಲೆ ಅಂಗಾತವಾಗಿ ಮಲಗಿಸಿ. ಅಷ್ಟರಲ್ಲಿ ತಾಯಿ ಮಲಗಿರುತ್ತಾಳೆ. ಈ ಕೆಲಸಕ್ಕೆ ಗಂಡಸರೂ ಆಗುತ್ತಾರೆ; ಹಾಲೂಡಿಸುವುದೊಂದನ್ನು ಬಿಟ್ಟರೆ ಅವರಿಂದಾಗದ್ದು ಇದರಲ್ಲಿ ಏನೂ ಇಲ್ಲ. ಇದಿಷ್ಟೂ ಕಷ್ಟವೆನಿಸಿದರೆ ದಯವಿಟ್ಟು ನಿಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿರಿ.