ಅರಿಶಿನವೂ ಹರಾಮಾಯಿತೇ?

ನಮ್ಮ ಮನೆಗಳಲ್ಲಿ ಕಂಪ್ಯೂಟರಿನ ಬಗ್ಗೆ ಎರಡು ಅಭಿಪ್ರಾಯಗಳಿವೆ. ಹಿರಿಯರ ಪ್ರಕಾರ ಅದು ಮಕ್ಕಳನ್ನು ಕೆಡಿಸುವ ಪೆಟ್ಟಿಗೆ. ಕಿರಿಯರ ಪ್ರಕಾರ ಅದರಲ್ಲಿ ಬಂದದ್ದೆಲ್ಲ ನಿಜ. ಪ್ಯಾಕೆಟ್ ತಿಂಡಿಯ ಬಗ್ಗೆಯೂ ಎರಡೇ ಅಭಿಪ್ರಾಯ. ಅದರಲ್ಲಿ ಹಂದಿಯ ಕೊಬ್ಬಿದೆ ಎಂಬುದು ಒಂದು; ಹಲಾಲ್ ಮುದ್ರೆ ಇದ್ದರೆ ಎಷ್ಟು ಬೇಕಾದರೂ ತಿನ್ನಬಹುದು ಎಂಬುದು ಇನ್ನೊಂದು. ಈ ನಾಲ್ಕರಲ್ಲಿ ಯಾವುದನ್ನು ಹಿಡಿದವರಿಗೂ ಪ್ಯಾಕೆಟ್ಟಿನ ಹಿಂಭಾಗವನ್ನು ಓದುವ ತೊಂದರೆ ಇಲ್ಲ.

ಈ ಮಾತಿಗೆ ಕಾರಣ ಒಂದು ಪಟ್ಟಿ. ಸೈಬರ್ ಕೆಫೆಗಳ ಕಾಲದಲ್ಲಿ ಅದು ಇ-ಮೇಲಿನಲ್ಲಿ ಬಂದು, ಪ್ರಿಂಟಾಗಿ, ಜೆರಾಕ್ಸ್ ಆಗಿ, ಜುಮಾ ನಮಾಜು ಮುಗಿಸಿ ಹೊರಬರುವವರ ಕೈಸೇರುತ್ತಿತ್ತು. ಈಗ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಉರ್ದುವಿನಲ್ಲಿಯೂ ಇದೆ, ಕನ್ನಡದಲ್ಲಿಯೂ ಇದೆ. ಬಿಸ್ಕತ್ತು, ಚಾಕೊಲೇಟು, ನೂಡಲ್ಸ್ ಪೊಟ್ಟಣಗಳ ಮೇಲಿರುವ ಇ 100, ಇ 110, ಇ 120 ಎಂಬ ಸಂಖ್ಯೆಗಳೆಲ್ಲ ಹಂದಿಯ ಕೊಬ್ಬಿನ ಗುಪ್ತನಾಮಗಳು, ಮುಸ್ಲಿಮರಿಗೆ ಗೊತ್ತಾಗದಂತೆ ತಿನ್ನಿಸಲು ಕಂಪನಿಗಳು ಹೂಡಿದ ಸಂಚು ಎಂಬುದು ಅದರ ಸಾರಾಂಶ.

ಈ ಸಂಖ್ಯೆಗಳಲ್ಲಿ ಗುಪ್ತವೆಂಬುದೇನೂ ಇಲ್ಲ. ಆಹಾರಕ್ಕೆ ಸೇರಿಸುವ ಬಣ್ಣ, ಹುಳಿ, ಸಂರಕ್ಷಕಗಳಿಗೆ ಯುರೋಪಿನವರು ಕೊಟ್ಟ ಕ್ರಮಾಂಕಗಳವು. ನಮ್ಮ ದೇಶದ ಪೊಟ್ಟಣಗಳಲ್ಲಿ ಹೆಚ್ಚಾಗಿ ಐಎನ್ಎಸ್ ಎಂಬ ಹೆಸರಿನಲ್ಲಿ ಅವೇ ಸಂಖ್ಯೆಗಳು ಇರುತ್ತವೆ. ಪಟ್ಟಿಯ ಮೊದಲಲ್ಲೇ ಇರುವ ಇ 100 ಎಂದರೆ ಕರ್ಕ್ಯುಮಿನ್, ಅಂದರೆ ಅರಿಶಿನದ ಹಳದಿ. ಇ 140 ಎಲೆಯ ಹಸಿರು. ಇ 270 ಮೊಸರಿನ ಹುಳಿ. ಇ 334 ಹುಣಸೆಹಣ್ಣಿನ ಹುಳಿ. ಅರಿಶಿನ, ಸೊಪ್ಪು, ಮೊಸರು, ಹುಣಸೆ ಇವನ್ನು ತೆಗೆದರೆ ನಮ್ಮ ಅಮ್ಮಂದಿರ ಅಡುಗೆಮನೆಯಲ್ಲಿ ಉಳಿಯುವುದಾದರೂ ಏನು? ಇ 334ನ್ನು ಕಾರ್ಖಾನೆಗಳು ದ್ರಾಕ್ಷಿ ಮದ್ಯದ ಗಸಿಯಿಂದ ತೆಗೆಯುವುದುಂಟು. ಚರ್ಚೆ ಬೇಕಿದ್ದರೆ ಅದರ ಬಗ್ಗೆ ಉಲಮಾಗಳು ಮಾಡಲಿ. ಅದಕ್ಕೂ ಹಂದಿಗೂ ಏನು ಸಂಬಂಧ?

ಪಟ್ಟಿಯೆಲ್ಲ ಸುಳ್ಳೆಂದು ನಾವು ಹೇಳುತ್ತಿಲ್ಲ. ಇ 120 ಒಂದು ಹುಳದಿಂದ ತೆಗೆಯುವ ಕೆಂಪು ಬಣ್ಣ. ಇ 471 ಗಿಡದ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಇ 631ರ ಮೂಲ ಮಾಂಸವೋ ಮೀನೋ ಗೆಣಸೋ ಎಂದು ಸಂಖ್ಯೆ ನೋಡಿ ತಿಳಿಯುವುದಿಲ್ಲ. ಕೇಳಬೇಕಾದ ನಿಜವಾದ ಪ್ರಶ್ನೆಗಳು ಇವು. ಇವನ್ನು ಕೇಳಿದವರು ಯಾರು? ಗೋರಕ್ಷಣೆಯ ಹೆಸರಿನ ಒಂದು ಸಂಸ್ಥೆ ಇದೇ ಅನುಮಾನವನ್ನು ದೆಹಲಿ ಹೈಕೋರ್ಟಿಗೆ ಒಯ್ದಿತು. 2021ರ ಡಿಸೆಂಬರಿನಲ್ಲಿ ನ್ಯಾಯಾಲಯ, ಪದಾರ್ಥ ಎಷ್ಟೇ ಅಲ್ಪವಿರಲಿ, ಅದರ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು ತಯಾರಕರು ಬಹಿರಂಗಪಡಿಸಬೇಕೆಂದು ಆದೇಶಿಸಿತು. ಅವರು ಕೋರ್ಟಿಗೆ ಹೋದರು, ನಮ್ಮವರು ಜೆರಾಕ್ಸ್ ಅಂಗಡಿಗೆ ಹೋದರು. ಹಸಿರು ಚುಕ್ಕೆಯ ಉತ್ಪನ್ನದಲ್ಲಿ ಪ್ರಾಣಿಯ ಕೊಬ್ಬು ಇರಕೂಡದೆಂಬ ನಿಯಮ ಈ ದೇಶದಲ್ಲಿ 2001ರಿಂದಲೂ ಇದೆ. ಆ ಚುಕ್ಕೆ ಸಸ್ಯಾಹಾರಿಗಳದ್ದು, ನಮಗೇಕೆ ಎಂದು ತಿರುಗಿಯೂ ನೋಡದವರೇ ನಮ್ಮಲ್ಲಿ ಹೆಚ್ಚು.

ಇಂತಹ ಪಟ್ಟಿಗಳಿಗೆ ಕಂಪ್ಯೂಟರೇ ಬೇಕೆಂದೂ ಇಲ್ಲ. 1976ರಲ್ಲಿ ಫ್ರಾನ್ಸಿನಲ್ಲಿ ಟೈಪ್ ಮಾಡಿದ ಒಂದು ಹಾಳೆ ಕೈಯಿಂದ ಕೈಗೆ ದಾಟಿತು. ವಿಲ್‌ಜುಯಿಫ್ ಎಂಬ ಊರಿನ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಹೊತ್ತಿದ್ದ ಆ ಹಾಳೆ, ಇ 330 ಎಲ್ಲಕ್ಕಿಂತ ಅಪಾಯಕಾರಿ, ಕ್ಯಾನ್ಸರ್ ತರುತ್ತದೆ ಎಂದಿತು. ಇ 330 ಎಂದರೆ ನಿಂಬೆಹುಳಿ! ಈ ಹುಳಿ ಪಾಲ್ಗೊಳ್ಳುವ ದೇಹದ ಒಂದು ಕ್ರಿಯೆಗೆ ಕ್ರೆಬ್ಸ್ ಎಂಬ ವಿಜ್ಞಾನಿಯ ಹೆಸರಿದೆ, ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಕ್ಯಾನ್ಸರ್ ಎಂಬ ಅರ್ಥವಿದೆ. ಎಡವಟ್ಟು ಹುಟ್ಟಿದ್ದು ಅಲ್ಲಿಂದಲೇ ಇರಬೇಕೆಂದು ಬಲ್ಲವರ ಊಹೆ. ಆಸ್ಪತ್ರೆ ತನ್ನದಲ್ಲವೆಂದು ಸಾರಿದ ಮೇಲೂ ಹಾಳೆ ವರ್ಷಗಟ್ಟಲೆ ತಿರುಗಿತು. ಓದುಬರಹ ಬಲ್ಲ ಫ್ರೆಂಚರ ಗತಿಯೇ ಹೀಗಾದರೆ ನಮ್ಮವರನ್ನೇಕೆ ಬೈಯಬೇಕೆಂದು ಯಾರಾದರೂ ಕೇಳಿಯಾರು.

ಬೈಯಲು ಕಾರಣವಿದೆ. ಹದೀಸ್ ಒಂದನ್ನು ಒಪ್ಪುವ ಮುನ್ನ ಅದನ್ನು ಯಾರು ಯಾರಿಂದ ಕೇಳಿದರು, ಕೇಳಿದವನ ನೆನಪು ಎಂಥದು, ನಡತೆ ಎಂಥದು ಎಂದು ಒಬ್ಬೊಬ್ಬ ವರದಿಗಾರನ ಜಾತಕ ಜಾಲಾಡಿದ ಪರಂಪರೆ ನಮ್ಮದು. ಅಸ್ಮಾ ಉರ್ ರಿಜಾಲ್ ಎಂಬ ಒಂದು ಶಾಸ್ತ್ರವೇ ಇದೆ. ಇಮಾಮ್ ಬುಖಾರಿಯವರ ಹೆಸರನ್ನು ಭಕ್ತಿಯಿಂದ ಹೇಳುವ ಬಾಯಿಯೇ, 'ಹಲವು ಬಾರಿ ಫಾರ್ವರ್ಡ್ ಆಗಿದೆ' ಎಂಬ ಗುರುತಿನ ಸಂದೇಶವನ್ನು ಸನದಿಲ್ಲದೆ ಒಪ್ಪಿಬಿಡುತ್ತದೆ. ಹಲವು ಬಾರಿ ದಾಟಿದೆ, ದಾಟಿಸಿದ ಒಬ್ಬನ ಹೆಸರೂ ಇಲ್ಲ. ಇಂಥದ್ದನ್ನು ನಮ್ಮ ಮುಹದ್ದಿಸರು ಕಸದ ಬುಟ್ಟಿಗೆ ಹಾಕುತ್ತಿದ್ದರು.

'ಅನುಮಾನವಿದ್ದದ್ದನ್ನು ಬಿಡುವುದು ತಖ್ವಾ ಅಲ್ಲವೇ, ಎಚ್ಚರಿಕೆಯಲ್ಲಿ ತಪ್ಪೇನು?' ಎಂಬುದು ನಮಗೆ ಸದಾ ಎದುರಾಗುವ ಪ್ರಶ್ನೆ. ಬಿಡುವುದು ಅವರವರ ತಖ್ವಾ, ಯಾರೂ ಬೇಡವೆನ್ನುವುದಿಲ್ಲ. ಆದರೆ ಇನ್ನೊಬ್ಬನ ತಟ್ಟೆಯಲ್ಲಿರುವುದು ಹರಾಮ್ ಎನ್ನುವುದು ತಖ್ವಾ ಅಲ್ಲ, ಅದು ತೀರ್ಪು. ತೀರ್ಪಿಗೆ ಸಾಕ್ಷಿ ಬೇಕು. ಅಲ್ಲದೆ ಈ ಅಭ್ಯಾಸದ ಪೆಟ್ಟು ಎಲ್ಲಿಗೆ ಬೀಳುತ್ತದೆ ಎಂಬುದನ್ನು 2020ರ ಏಪ್ರಿಲ್ ತೋರಿಸಿದೆ. ಕೊರೊನಾ ಹರಡಲೆಂದೇ ಮುಸ್ಲಿಂ ವ್ಯಾಪಾರಿಗಳು ಹಣ್ಣು ತರಕಾರಿಗೆ ಉಗುಳುತ್ತಿದ್ದಾರೆ ಎಂದು ವಿಡಿಯೋಗಳು ಹರಿದಾಡಿದವು. ಗಾಡಿಯವರ ಹೆಸರು ಕೇಳಿ ಓಣಿಯಿಂದ ಅಟ್ಟಿದರು. ಆ ಸಂದೇಶವನ್ನು ಕಳುಹಿಸಿದವರು ಹೇಳಿಕೊಂಡದ್ದೂ ಅದನ್ನೇ: ಎಚ್ಚರಿಕೆಯಲ್ಲಿ ತಪ್ಪೇನು? ಗಾಡಿಯವನ ಪರವಾಗಿ 'ಆಧಾರ ತೋರಿಸಿ' ಎಂದು ಕೇಳುವವರು ತಾವೂ ಆಧಾರ ತೋರಿಸುವವರಾಗಿರಬೇಕು.

ಇನ್ನು ಹಲಾಲ್ ಮುದ್ರೆಯವರ ಮಾತು. 2022ರ ಯುಗಾದಿಯ ಸುಮಾರಿಗೆ ಕರ್ನಾಟಕದಲ್ಲಿ ಹಲಾಲ್ ಮಾಂಸ ಬಹಿಷ್ಕರಿಸಿ ಎಂಬ ಗದ್ದಲವೆದ್ದಿತು. ನಮ್ಮ ಕಟುಕರ ಹೊಟ್ಟೆಯ ಮೇಲೆ ಹೊಡೆಯುವ ಅನ್ಯಾಯವದು. ಅದನ್ನು ವಿರೋಧಿಸುತ್ತಲೇ ನಾವು ನಮ್ಮವರನ್ನೂ ಒಂದು ಮಾತು ಕೇಳಬೇಕಾಗಿದೆ. ಕುರ್‌ಆನ್ ಆಹಾರದ ಪ್ರಸ್ತಾಪ ಬಂದಲ್ಲಿ ಹಲಾಲ್ ಎಂಬ ಪದದ ಪಕ್ಕದಲ್ಲಿ ತಯ್ಯಿಬ್ ಎಂಬ ಪದವನ್ನೂ ಇರಿಸಿದೆ: ಶುದ್ಧವಾದದ್ದು, ಒಳ್ಳೆಯದು. ಮೊದಲ ಪದಕ್ಕೆ ಮುದ್ರೆ ಇದೆ, ಪ್ರಮಾಣಪತ್ರವಿದೆ. ಎರಡನೆಯದನ್ನು ಕೇಳುವವರಿಲ್ಲ. ಮುದ್ರೆಯಿರುವ ಬಿಸ್ಕತ್ತಿನಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಕಡಿಮೆಯಿರುತ್ತದೆಯೇ? ಮೊಹಲ್ಲಾದ ಯಾವ ಮನೆಗೆ ಹೋದರೂ ಸಕ್ಕರೆ ಕಾಯಿಲೆಯ ಮಾತ್ರೆಯ ಡಬ್ಬಿ ಕಾಣುತ್ತದೆ, ಅದರ ಪಕ್ಕದಲ್ಲೇ ಅತಿಥಿಗೆಂದು ಬಿಚ್ಚಿದ ಕ್ರೀಂ ಬಿಸ್ಕತ್ತು.

2024ರ ಮಾರ್ಚಿನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಜೂನಿನಲ್ಲಿ ಕಬಾಬಿನ ಸರದಿ: 39 ಮಾದರಿಗಳಲ್ಲಿ 8 ಅಸುರಕ್ಷಿತ, ಸಿಕ್ಕಿದ ಬಣ್ಣಗಳು ಸನ್‌ಸೆಟ್ ಯೆಲ್ಲೊ ಮತ್ತು ಕಾರ್ಮೋಯಿಸಿನ್. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಸನ್‌ಸೆಟ್ ಯೆಲ್ಲೊ ಎಂದರೆ ಇ 110, ಹಂದಿ ಪಟ್ಟಿಯಲ್ಲಿ ಅರಿಶಿನದ ಬೆನ್ನಿಗೇ ಇರುವ ಸಂಖ್ಯೆ. ಬಿಸ್ಕತ್ತಿನ ಮೇಲೆ ಅದನ್ನು ಕಂಡು ಬೆಚ್ಚಿಬಿದ್ದವರು, ರಂಜಾನಿನ ಸಂಜೆ ಮಸೀದಿ ರಸ್ತೆಯ ಬಾಣಲೆಯಲ್ಲಿ ಹಲಾಲ್ ಕೋಳಿಯ ಮೈಗೆ ಅಂಥದೇ ಪುಡಿ ಮೆತ್ತಿದಾಗ ಸಾಲಿನಲ್ಲಿ ನಿಲ್ಲುತ್ತಾರೆ. ಇಫ್ತಾರಿಗೆ ಕಿಲೋಗಟ್ಟಲೆ ಕಬಾಬ್ ತರಿಸುವ ಕಮಿಟಿಗಳು ಅಂಗಡಿಯವನಿಗೆ 'ಬಣ್ಣ ಹಾಕಬೇಡ ಭಾಯಿ, ಮೆಣಸಿನಪುಡಿ ಸಾಕು' ಎಂದು ಹೇಳಿದ್ದನ್ನು ನಾವಂತೂ ಇನ್ನೂ ಕೇಳಿಲ್ಲ.