ಆ ಕೂಸಿನ ಉಸಿರು ನಿಮ್ಮ ಕೈಯಲ್ಲಿದೆ

ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಪಿಕೆಟಿಬಿ ಆಸ್ಪತ್ರೆಯ ಮುಂದೆ ಎಷ್ಟು ಸಲ ಹಾದುಹೋಗಿದ್ದೀರೋ! ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯ ಕೊಂಡೊಯ್ದ ನೋವು 1921ರಲ್ಲಿ ಊರಿಗೊಂದು ಆಸ್ಪತ್ರೆಯಾಯಿತು. ಅರಮನೆಯ ಸಂಕಟ ಬಡವರ ಉಸಿರಿಗೆ ಆಸರೆಯಾದ ಊರು ನಮ್ಮದು. ಇಂಥ ಊರಿನಲ್ಲಿ ಮನೆಯೊಳಗೇ ಸಿಗರೇಟು ಹಚ್ಚುವ ನಿಮ್ಮನ್ನು, ಹಚ್ಚಿದವರನ್ನು ಕಂಡೂ ಮುಖ ತಿರುಗಿಸುವ ನಿಮ್ಮನ್ನು ಕೈಮುಗಿದು ಕೇಳುತ್ತಿದ್ದೇನೆ.

ನಿಮಗೆ ಗೊತ್ತಿದೆ. ಹೊಗೆಸೊಪ್ಪು ಎದೆಗೂಡನ್ನು ತಿನ್ನುತ್ತದೆ, ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ ಎಂದು ಗೊತ್ತಿದೆ. ಕಿಟಕಿ ತೆರೆದು ಸೇದಿದರೂ ಆ ಹೊಗೆ ಪರದೆಗೆ, ಹಾಸಿಗೆಗೆ, ನಿಮ್ಮ ಅಂಗಿಗೆ ಅಂಟಿ, ಅದೇ ಅಂಗಿಗೆ ಕೆನ್ನೆಯಿಟ್ಟು ಮಲಗುವ ಕೂಸಿನ ಮೂಗು ಸೇರುತ್ತದೆ ಎಂದೂ ಗೊತ್ತಿದೆ. ಗೊತ್ತಿದ್ದೂ, ಅದು ರಾತ್ರಿಯಿಡೀ ಕೆಮ್ಮಿದಾಗ ಚಳಿಯನ್ನು ಬೈದು ಎದೆಗೆ ವಿಕ್ಸ್ ಸವರಿದ್ದೀರಿ. ಆ ಕೂಸಿಗೆ 'ಬೇಡಪ್ಪಾ' ಎನ್ನಲು ಇನ್ನೂ ಮಾತು ಬಂದಿಲ್ಲ.

ನಿಮಗೆ ಗೊತ್ತಿದೆ. ಉದಯಗಿರಿ, ಶಾಂತಿನಗರದ ಓಣಿಗಳಲ್ಲಿ ಮೊರವನ್ನು ತೊಡೆಯ ಮೇಲಿಟ್ಟು, ಸಾವಿರಕ್ಕಿಷ್ಟು ಎಂಬ ಕೂಲಿಗೆ ಬೀಡಿ ಕಟ್ಟುವ ತಾಯಂದಿರು ಒಂದು ದಮ್ಮೂ ಎಳೆಯದೆ ದಿನವಿಡೀ ಹೊಗೆಸೊಪ್ಪಿನ ಧೂಳನ್ನೇ ಉಸಿರಾಡುತ್ತಾರೆ. ಅವರ ಅನ್ನ ಕಿತ್ತುಕೊಳ್ಳಿ ಎಂದು ನಾನು ಹೇಳಲಾರೆ. ಬೇರೊಂದು ಕಸುಬು ಕಲಿಸಿ, ಅದಕ್ಕೆ ಕೂಲಿ ಕೊಡಿಸುವವರೆಗೂ ಅವರ ಜೊತೆ ನಿಲ್ಲಿ ಎಂದಷ್ಟೇ ಬೇಡುತ್ತೇನೆ.

ನಿಮಗೆ ಗೊತ್ತಿದ್ದೂ, 'ಹೋಗಪ್ಪ, ಒಂದು ಸಿಗರೇಟು ತಗೊಂಡ್ ಬಾ' ಎಂದು ಹತ್ತು ವರ್ಷದ ಮಗನ ಕೈಗೆ ಚಿಲ್ಲರೆ ಇಡುತ್ತೀರಲ್ಲ, ಆ ಪುಟ್ಟ ಕೈ ಏನು ಕಲಿಯಿತು? ಶಾಲೆಯ 100 ಗಜದೊಳಗೆ ಹೊಗೆಸೊಪ್ಪು ಮಾರಬಾರದೆಂದು 2003ರ ತಂಬಾಕು ನಿಯಂತ್ರಣ ಕಾಯ್ದೆ ಹೇಳಿದೆ. 21 ತುಂಬದವರಿಗೆ ಕೊಡಲೇಬಾರದೆಂದು ರಾಜ್ಯದ ತಿದ್ದುಪಡಿ ಹೇಳಿದೆ. ಶಾಲೆಯ ಪಕ್ಕದ ಅಂಗಡಿಯವರಿಗೆ ಅದನ್ನು ನೆನಪಿಸಬೇಕಾದವರು ನೀವೇ. ಜಗಳ ಬೇಡ, 'ನಿಮ್ಮ ಮಗುವೂ ಇಲ್ಲೇ ಓದುತ್ತಲ್ವಾ ಅಣ್ಣ' ಎಂದರೂ ಸಾಕು.

ಬಿಡುವುದು ಸುಲಭವಲ್ಲ, ಬಲ್ಲೆ. ಎರಡು ಸಲ ಸೋತು ಮೂರನೆಯ ಸಲ ಗೆದ್ದವರಿದ್ದಾರೆ, ಐದನೆಯ ಸಲ ಗೆದ್ದವರೂ ಇದ್ದಾರೆ. 1800-11-2356ಕ್ಕೆ ಕರೆ ಮಾಡಿದರೆ ದುಡ್ಡು ಖರ್ಚಿಲ್ಲದೆ ಕೈಹಿಡಿದು ನಡೆಸುವವರು ಸಿಗುತ್ತಾರೆ. ಕೊನೆಯ ಸಿಗರೇಟಿನ ಮರುದಿನವೇ ರಕ್ತದಲ್ಲಿ ಸೇರಿದ ವಿಷಾನಿಲ ಇಳಿಯುತ್ತದೆ. ಇವತ್ತು ರಾತ್ರಿ ಜೇಬಿನ ಆ ಪ್ಯಾಕು ಹೊರಗೆಸೆದು, ಅಂಗಿ ಬದಲಿಸಿ, ಮೈ ತೊಳೆದು ಕೂಸಿನ ಪಕ್ಕ ಮಲಗಿ.